ಅರ್ಧ ಗಾಳಿ

ಮಲಪ್ರಭೆಯ ದಂಡೆಯಲ್ಲಿ ಒಂದು ಬೇವಿನ ಮರ, ಮರದ ಕೆಳಗೆ ಒಂದು ಗುಡಿಸಲು, ಗುಡಿಸಲಲ್ಲಿ ಫಕೀರಜ್ಜ. ಆಶ್ರಮ ಅಂದರೆ ಇಷ್ಟೇ. ಗಂಟೆಯಿಲ್ಲ, ಗದ್ದುಗೆಯಿಲ್ಲ. ಗೋಡೆಗೆ ಒರಗಿಸಿದ ಒಂದು ಹಳೇ ಸೈಕಲ್ ಇತ್ತು. ಬಂದವರು ಅದಕ್ಕೇ ಕೈಮುಗಿಯುತ್ತಿದ್ದರು.

ಯಾಕೆ ಮುಗಿಯಬಾರದು? ಫಕೀರಜ್ಜ ಸಾಮಾನ್ಯ ಆಸಾಮಿಯಲ್ಲ. ಹರೆಯದಲ್ಲಿ ಊರೂರ ಮೈದಾನದಲ್ಲಿ, ನೆಲಕ್ಕೆ ಕಾಲಿಡದೆ, ದಿನಗಟ್ಟಲೆ ಸೈಕಲ್ ತುಳಿದು ಮಂದಿಗೆ ತೋರಿಸುತ್ತಿದ್ದವನು. ಸುತ್ತು ಹಾಕುತ್ತಲೇ ಊಟ, ಸುತ್ತು ಹಾಕುತ್ತಲೇ ಜಳಕ, ಸುತ್ತು ಹಾಕುತ್ತಲೇ ನಿದ್ದೆ.

ಮದುವೆಯೂ ಹಾಗೇ ಆಯಿತು. ಮದುಮಗಳು ಬೆನ್ನು ಹತ್ತಿ ಓಡಿ ಓಡಿ ತಾಳಿ ಕಟ್ಟಿಸಿಕೊಂಡಳು. ಅಕ್ಕಿಕಾಳು ಹಾಕಲು ಬಂದ ಬೀಗರು ಕತ್ತು ತಿರುಗಿಸಿ ತಿರುಗಿಸಿ, ಊಟಕ್ಕೆ ಕೂತಾಗ ಎಲೆಯನ್ನು ಬೆನ್ನ ಹಿಂದೆ ಹುಡುಕಿದರು.

ಒಂದು ಊರಲ್ಲಂತೂ ಅವನು ಸುತ್ತಿದ ಸುತ್ತಿಗೆ ನೆಲ ಸವೆದು ಸವೆದು ಬಾವಿಯಾಗಿ ನೀರು ಬಿತ್ತು. ಆ ಊರಿನವರು ಇವತ್ತಿಗೂ ಅದೇ ನೀರು ಕುಡಿಯುತ್ತಾರೆ. ಸುಳ್ಳು ಅನ್ನುವವರು ಹೋಗಿ ಒಂದು ಗುಟುಕು ಕುಡಿದು ಬರಲಿ.

ಅಂಥ ಗುರುವಿಗೆ ದ್ಯಾಮಣ್ಣ ಅನ್ನುವ ಶಿಷ್ಯ. ಗಟ್ಟಿಮುಟ್ಟು ಆಳು. ಕಾಲಲ್ಲಿ ಇದ್ದಷ್ಟು ಬಲ ತಲೆಯಲ್ಲಿ ಇರಲಿಲ್ಲ ಅನ್ನಿ, ಆದರೂ ಎದೆಯಲ್ಲಿ ಇತ್ತು.

ಆ ವರ್ಷದ ಮಳೆಗಾಲದಲ್ಲಿ ದ್ಯಾಮಣ್ಣ ಹೊಳೆಯ ಕೂಡ ಪಣ ಕಟ್ಟಿದ. ಹೊಳೆ ಹುಟ್ಟುವಲ್ಲಿ ಒಂದು ಸೋರೆಬುರುಡೆ ತೇಲಿಬಿಟ್ಟು, ತಾನು ಸೈಕಲ್ ಹತ್ತಿ, ಹೊಳೆ ಕೂಡುವ ಸಂಗಮಕ್ಕೆ ಬುರುಡೆಗಿಂತ ಮೊದಲು ಹೋಗಿ ಮುಟ್ಟಿದ. ಬುರುಡೆ ಇನ್ನೂ ಬಂದಿಲ್ಲ. ನಡುವೆ ಡ್ಯಾಮ್ ಇದೆ, ಅದು ತಡೆದಿರಬೇಕು ಅಂತ ಕೆಲವರು ಕುಹಕ ಆಡುತ್ತಾರೆ. ಡ್ಯಾಮ್ ಕಟ್ಟಿದವನು ದ್ಯಾಮಣ್ಣ ಅಲ್ಲವಲ್ಲ. ಗೆದ್ದದ್ದು ಗೆದ್ದದ್ದೇ.

ಸಂಗಮದಿಂದ ಹೊರಳಿ ಆಶ್ರಮಕ್ಕೆ ಬಂದಾಗ ಹೊತ್ತು ಆಗಷ್ಟೇ ಏರಿತ್ತು. ಎಂಥಾ ವೇಗ ಅಂದರೆ, ಅವನು ಮೊದಲು ಬಂದ, ಅವನ ನೆರಳು ಮಧ್ಯಾಹ್ನಕ್ಕೆ ಬಂದು ಕೂಡಿಕೊಂಡಿತು.

ಬ್ರೇಕ್ ಹಿಡಿದ. ಸೈಕಲ್ ನಿಂತಿತು, ಕಾಲು ನಿಲ್ಲಲಿಲ್ಲ. ಹತ್ತಿ ತುಂಬಿದ ಅಂಡಿಗೆಯ ಹಾಗೆ ಪಕ್ಕಕ್ಕೆ ಉರುಳಿದ. ಅಂಗಾತ ಬಿದ್ದವನ ಕಾಲುಗಳು ಆಕಾಶವನ್ನು ತುಳಿಯುತ್ತಲೇ ಇದ್ದವು.

ಆಶ್ರಮದಲ್ಲಿ ರೊಟ್ಟಿ ಬಡಿಯುವ ಕಲ್ಲವ್ವ ಒಲೆಯ ಮುಂದಿನಿಂದ ಇಣುಕಿದಳು.

“ಅಜ್ಜಾರ, ನಿಮ್ಮ ಶಿಷ್ಯ ಬಂದಾನ್ರಿ. ಕಾಲು ಇನ್ನೂ ದಾರ್‍ಯಾಗ ಅದಾವು.”

ಫಕೀರಜ್ಜ ಬಂದು ನಿಂತು ನೋಡಿದ.

“ಅಜ್ಜಾರ,” ಅಂದ ದ್ಯಾಮಣ್ಣ, ಬಿದ್ದಲ್ಲಿಂದಲೇ. “ಒಂದು ಮಾತು ಕೇಳೂದೈತ್ರಿ.”

“ಎದ್ದು ಕೇಳು.”

“ಏಳಾಕ ಆಗವಲ್ದು, ಅದನ್ನ ಕೇಳೂದೈತಿ.”

ಮಾತು ಇಷ್ಟು. ಪಂಚಮಿ ಹಬ್ಬ ಹತ್ತಿರ ಬಂದಿತ್ತು. ಪಂಚಮಿಗೆ ಅಣ್ಣನಾದವನು ಗಂಡನ ಮನೆಯಲ್ಲಿರುವ ತಂಗಿಯನ್ನು ತವರಿಗೆ ಕರೆತರಬೇಕು. ದ್ಯಾಮಣ್ಣನ ತಂಗಿ ನೀಲವ್ವ ಹೊಳೆಯ ಮೇಲ್ಗಡೆ ದೂರದ ಊರಲ್ಲಿದ್ದಳು. ಆ ಊರಿಗೆ ಬಸ್ಸಿಲ್ಲ. ಮಳೆ ಬಿದ್ದ ಎರೆಮಣ್ಣಲ್ಲಿ ಚಕ್ಕಡಿ ಹೂತು ಹೋಗುತ್ತದೆ. ಹೊಳೆದಂಡೆಯ ಕಾಲುದಾರಿ ಸೈಕಲ್ಲಿಗೆ ಮಾತ್ರ ಸರಿ.

“ನಾಡದು ನಸುಕಿಗೆ ಹೋಗಬೇಕ್ರಿ. ಹೋದ ವರ್ಷನೂ ಹಿಂಗ ದೂರ ತುಳದು ಬಂದಿದ್ದೆ. ದಣಿವು ಹೋಗಲಿ ಅಂತ ಒಂದು ದಿನ ಮಲಗಿದೆ. ಮರುದಿನ ಕಾಲು ಬೀಸೂಕಲ್ಲು ಆಗಿದ್ದುವು. ಹೋಗಲಿಲ್ಲ.”

“ತಂಗಿ?”

“ಗಂಟು ಹಿಡ್ಕೊಂಡು ದನ ಮನಿಗೆ ಬರೂತನಕ ಬಾಗಿಲಾಗ ನಿಂತಿದ್ಲಂತ. ‘ಏನವಾ, ನಿನ್ನ ತವರಿನ ದಾರಿಗೆ ಮುಳ್ಳು ಬಡದಾರೇನು?’ ಅಂತ ಅವರತ್ತಿ ಓಣಿಗೆಲ್ಲಾ ಕೇಳಂಗ ಕೇಳಿದ್ಲಂತ.” ದ್ಯಾಮಣ್ಣ ಎದ್ದು ಕೂತ. “ಮೊನ್ನೆ ಬಳಿಗಾರನ ಕೈಯಾಗ ಹೇಳಿ ಕಳಿಸ್ಯಾಳ. ‘ಈ ವರ್ಷ ಗಂಟು ಕಟ್ಟಂಗಿಲ್ಲ. ಅಣ್ಣ ಬಾಗಿಲಿಗೆ ಬಂದ್ರ ಕಟ್ಟತೀನಿ, ಬರಲಿಲ್ಲಂದ್ರ ಇನ್ನ ಯಾವ ವರ್ಷನೂ ದಾರಿ ನೋಡಂಗಿಲ್ಲ.’”

ಕಲ್ಲವ್ವನ ರೊಟ್ಟಿ ಬಡಿಯುವ ಸದ್ದು ನಿಂತಿತು.

“ನಡುವ ನಾಳೆ ಒಂದ ದಿನ ಐತ್ರಿ ಅಜ್ಜಾರ. ನಾಳೆ ಅಲ್ಲಾಡದಂಗ ಮಲಗಲೋ? ಇಲ್ಲಾ, ಕಾಲು ಸಡಲ ಆಗಲಿ ಅಂತ ಹಗೂರಕ ಒಂದೀಟು ತುಳದು ಬರಲೋ?”

ಫಕೀರಜ್ಜ ಶಿಷ್ಯನ ಸೈಕಲ್ಲಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಹಿಂದಿನ ಗಾಲಿಯ ವಾಲ್ ಸಡಿಲಿಸಿದ. ಗಾಳಿ ಸುಸ್ಸೆಂದು ಇಳಿಯಿತು. ಅರ್ಧ ಇಳಿದಾಗ ವಾಲ್ ಬಿಗಿದ. ಮುಂದಿನ ಗಾಲಿಗೂ ಹಾಗೇ ಮಾಡಿದ.

ಆಮೇಲೆ ಕೈ ಒರೆಸಿಕೊಂಡು, “ಕಲ್ಲವ್ವಾ, ಇವಗ ರೊಟ್ಟಿ ಹಾಕು,” ಅಂದು ಒಳಗೆ ಹೋದ.

ದ್ಯಾಮಣ್ಣ ರೊಟ್ಟಿ ಮುರಿಯುತ್ತ ಗಾಲಿಯನ್ನೇ ನೋಡಿದ. ತುಳಿಯಬೇಡ ಅಂದರೆ ಗಾಳಿಯನ್ನೆಲ್ಲ ಬಿಡಬೇಕಿತ್ತು. ತುಳಿ ಅಂದರೆ ಬಿಡಲೇಬಾರದಿತ್ತು. ಅರ್ಧ ಬಿಟ್ಟದ್ದು ಯಾತಕ್ಕೆ? ಯೋಚಿಸಿದಷ್ಟೂ ಅವನ ತಲೆಯಲ್ಲೂ ಅರ್ಧ ಗಾಳಿ ಉಳಿಯಿತು.

ಮಧ್ಯಾಹ್ನ ಆಶ್ರಮದ ಕಟ್ಟೆಗೆ ಇಬ್ಬರು ಬಂದರು. ಒಬ್ಬ ಗರಡಿಯ ಉಸ್ತಾದ ಇಮಾಮಸಾಬ. ಇನ್ನೊಬ್ಬ ಗಾಡಿ ಓಟಕ್ಕೆ ಎತ್ತು ಪಳಗಿಸುವ ಬಸಲಿಂಗಪ್ಪ. ದ್ಯಾಮಣ್ಣ ಅವರನ್ನೂ ಕೇಳಿದ.

“ಲೇ, ಮಲಗು,” ಅಂದ ಇಮಾಮಸಾಬ. “ಕುಸ್ತಿ ಹಿಡಿದ ಮರುದಿನ ಪೈಲ್ವಾನ ಹುಲ್ಲುಕಡ್ಡಿ ಎತ್ತಬಾರದು. ಮೈಗೆಲ್ಲಾ ಗರಡಿ ಮಣ್ಣು ಮೆತ್ತಿಕೊಂಡು ಹೆಣಾ ಮಲಗಿದಂಗ ಮಲಗಬೇಕು.”

“ಹೆಣಕ್ಕ ನಾಡದು ತಂಗೀನ ಕರಿಯಾಕ ಹೋಗೂದಿರಂಗಿಲ್ಲಪಾ,” ಅಂದ ಬಸಲಿಂಗಪ್ಪ. “ಓಡಿ ಬಂದ ಎತ್ತನ್ನ ಗೂಟಕ್ಕ ಕಟ್ಟಿದ್ಯೋ, ಕಾಲು ಹಿಡಕೊಂಡ್ವು ಅಂತ ತಿಳಿ. ಮರುದಿನ ಹಗ್ಗ ಹಿಡಿದು ಹೊಳೀತನಕ ಅಡ್ಡಾಡಿಸಬೇಕು.”

“ಇವ ಎತ್ತಲ್ಲ.”

“ಪೈಲ್ವಾನನೂ ಅಲ್ಲ.”

ಇಬ್ಬರೂ ಒಮ್ಮೆಲೇ ದ್ಯಾಮಣ್ಣನ ಕಡೆ ತಿರುಗಿದರು. “ಮತ್ತೇನಲೇ ನೀ?”

ಬೆಳಗಿನಿಂದ ಒಂದು ವಿಷಯ ತಿಳಿಯದಿದ್ದವನಿಗೆ ಈಗ ಎರಡು ತಿಳಿಯದಾದವು.

ಮರುದಿನ ಬೆಳಗ್ಗೆ ದ್ಯಾಮಣ್ಣ ಇಮಾಮಸಾಬನ ಮಾತು ಹಿಡಿದ. ಮೈಗೆ ಮಣ್ಣು ಮೆತ್ತಿಕೊಂಡು ಬೇವಿನ ಮರದ ಕೆಳಗೆ ಅಲುಗದೆ ಮಲಗಿದ. ಎಷ್ಟು ಅಲುಗದೆ ಅಂದರೆ, ಮರದ ಮೇಲಿನ ಅಳಿಲು ಇಳಿದು ಬಂದು ಅವನ ಕಿವಿಯಲ್ಲಿ ಎರಡು ಬೇವಿನಬೀಜ ಬಚ್ಚಿಟ್ಟು ಹೋಯಿತು.

ಫಕೀರಜ್ಜ ಬಂದು ಕೋಲಿನಿಂದ ತಿವಿದ. “ಯಾರಲೇ ಸತ್ತಾರ?”

ದ್ಯಾಮಣ್ಣ ದಡಬಡಿಸಿ ಎದ್ದ. ತೊಡೆಗಳು ಆಗಲೇ ಬಿಗಿಯತೊಡಗಿದ್ದವು. ಹೋದ ವರ್ಷದ ನೆನಪು ಬಂತು. ಓಡಿ ಸೈಕಲ್ ಹತ್ತಿದ. ಅರ್ಧ ಗಾಳಿಯ ಗಾಲಿ ದಬದಬ ಅನ್ನುತ್ತ, ದಂಡೆಯುದ್ದಕ್ಕೂ ಕೆಸರು ಹಾರಿಸಿಕೊಂಡು ತುಳಿದ.

ಹಿಂದಿನಿಂದ ಅಜ್ಜನ ಕೂಗು ಬಂತು. “ಯಾರಲೇ ಬೆನ್ನು ಹತ್ತ್ಯಾರ?”

ದ್ಯಾಮಣ್ಣ ಹೊರಳಿ ನೋಡಿದ. ಯಾರೂ ಇರಲಿಲ್ಲ. ತಿರುಗಿ ಬಂದು ಸೈಕಲ್ ಇಳಿದು, ಅಳುವ ಮುಖ ಮಾಡಿ ನಿಂತ.

“ಮಲಗಿದ್ರ ಸತ್ತೀಯೇನು ಅಂತೀರಿ. ತುಳದ್ರ ಓಡಿ ಹೊಂಟೀಯೇನು ಅಂತೀರಿ. ನಾ ಎಲ್ಲಿ ಹೋಗ್ಲಿ ಅಜ್ಜಾರ?”

“ಕಲ್ಲವ್ವ ಪಂಚಮಿ ಅರಳಿಗೆ ಜೋಳ ಹುರಿಸಾಕ ಊರಿಗೆ ಹೊಂಟಾಳ. ಅಕೀ ಜೋಡಿ ಹೋಗು.”

“ಸೈಕಲ್ ಮ್ಯಾಲೋ, ನಡಕೋತೋ?”

“ಸೈಕಲ್ ಮ್ಯಾಲ. ಅಕಿ ನಡಿತಾಳ, ನೀ ಬಾಜೂಕ ಹಗೂರಕ ತುಳಿ. ಅಕೀದು ಮಾತು ಕಡೀಬಾರದು, ನಿಂದು ಹೂಂಗುಟ್ಟೂದು ಕಡೀಬಾರದು. ಅಷ್ಟ ನೋಡು.”

ಕಲ್ಲವ್ವನ ಮಾತು ಕಡಿಯುವುದೆಂದರೇನು? ಆಕೆ ಒಮ್ಮೆ ಬಾಯಿ ತೆಗೆದಾಗ ಕೇಳಲು ಕೂತ ಕಾಗೆ ಮೊಟ್ಟೆಯಿಟ್ಟು, ಮರಿ ಮಾಡಿ, ಮರಿಗಳ ಮದುವೆ ಮುಗಿಸಿತ್ತು. ಆವತ್ತು ತಲೆಯ ಮೇಲೆ ಜೋಳದ ಬುಟ್ಟಿ ಹೊತ್ತು, ತನ್ನ ಅಕ್ಕನ ಮನೆಯ ಎಮ್ಮೆಯ ಕಥೆ ತೆಗೆದಳು.

“ಆ ಎಮ್ಮೀಗಿ ಒಂಬತ್ತು ತಿಂಗಳು ತುಂಬಿತ್ತು, ಕೇಳಾಕತ್ತೀಯಿಲ್ಲೊ?”

“ಹೂಂ, ಕಲ್ಲಕ್ಕ.”

“ನಮ್ಮಕ್ಕ ಏನು ಮಾಡಿದ್ಲು, ಎಮ್ಮಿ ಬಿಟ್ಟು ಬೀಗರ ಮನಿಗೆ ಹೋದ್ಲು. ಶಾಣ್ಯಾಕಿ!”

“ಹೂಂ.”

ದ್ಯಾಮಣ್ಣ ಪಕ್ಕದಲ್ಲಿ ಹಗೂರಕೆ ತುಳಿದ. ಅರ್ಧ ಗಾಳಿಯ ಗಾಲಿಗೆ ಓಡಲು ಮನಸ್ಸೇ ಇರಲಿಲ್ಲ. ಎಮ್ಮೆ ಕೊಟ್ಟಿಗೆಯಿಂದ ಹೊರಬಿತ್ತು, ಗೌಡರ ಹೊಲಕ್ಕೆ ನುಗ್ಗಿತು, ಗೌಡರು ಕೋಲು ಹಿಡಿದು ಬಂದರು. ಊರ ಅಗಸೆಬಾಗಿಲು ಬಂದದ್ದೇ ಅವನಿಗೆ ಗೊತ್ತಾಗಲಿಲ್ಲ. ತೊಡೆಯ ಗಂಟು ಯಾವಾಗ ಸಡಿಲಾಯಿತೋ ಅದೂ ಗೊತ್ತಾಗಲಿಲ್ಲ.

ಅಗಸೆ ದಾಟಿದರೆ ಮೈದಾನ. ಮೈದಾನದಲ್ಲಿ ಮಂದಿಯೋ ಮಂದಿ. ಪಂಚಮಿಯ ಪಂದ್ಯಗಳು ಸುರುವಾಗಿದ್ದವು. ನಿಂಬೆಹಣ್ಣು ಎಸೆಯುವವರು ಒಂದು ಕಡೆ, ಕಣ್ಣು ಕಟ್ಟಿಕೊಂಡು ನಡೆಯುವವರು ಒಂದು ಕಡೆ. ನಟ್ಟನಡುವೆ ಸ್ಲೋ ಸೈಕಲ್ ಪಂದ್ಯ.

ಅದರ ಕಾನೂನು ಉಲ್ಟಾ. ಕಾಲು ನೆಲಕ್ಕೆ ತಾಗಬಾರದು, ಸೈಕಲ್ ಅಡ್ಡಾದಿಡ್ಡಿ ಹೊರಳಬಾರದು, ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದವನು ಗೆದ್ದಂತೆ.

“ಏ, ಹೊಳೀ ಗೆದ್ದಾವ ಬಂದಾನೋ!” ಅಂತ ಯಾರೋ ಕೂಗಿದರು.

“ಓಡೂದು ಬರ್ತದ ಅವಗ. ನಿಲ್ಲೂದು ಎಲ್ಲಿ ಬರ್ತದ?” ಅಂತ ಇನ್ನೊಬ್ಬ ಕೆಣಕಿದ.

ದ್ಯಾಮಣ್ಣನ ಕಣ್ಣು ಬಹುಮಾನದ ಮೇಲೆ ಬಿತ್ತು. ಕೋಲಿನ ತುದಿಗೆ ಒಂದು ಕುಪ್ಪಸದ ಖಣ ತೂಗುಹಾಕಿದ್ದರು, ಜರಿ ಅಂಚಿನದು. ಬರಿಗೈಲಿ ತಂಗಿಯ ಬಾಗಿಲಿಗೆ ಹೋಗುವುದೆಂತು ಅಂತ ಅವನಿಗೆ ಚಿಂತೆ ಇದ್ದೇ ಇತ್ತು. ಅದರ ಮೇಲೆ, ಹಗೂರಕೆ ತುಳಿ ಅಂದವರು ಯಾರು? ಅಜ್ಜಾರೇ. ಇದಕ್ಕಿಂತ ಹಗೂರಕೆ ತುಳಿಯುವುದು ಲೋಕದಲ್ಲಿ ಎಲ್ಲಿದೆ? ಅಜ್ಜನ ಒಗಟು ಅವನಿಗೆ ಬಿಟ್ಟಿತು ಅನ್ನಿಸಿತು.

“ಎತ್ತ ಹೊಂಟಿ?” ಅಂದಳು ಕಲ್ಲವ್ವ. “ಎಮ್ಮಿ ಇನ್ನೂ ಈದಿಲ್ಲ!”

“ನೀ ಈಸಕೋತ ಇರು ಕಲ್ಲಕ್ಕ, ಬಂದೆ.”

ಅರ್ಧ ಗಾಳಿಯ ಗಾಲಿಯಲ್ಲಿ ತೂಕ ಹಿಡಿದು ನಿಲ್ಲುವುದು ಕಷ್ಟ. ಯಾರದೋ ಪಂಪು ಇಸಿದುಕೊಂಡು ಎರಡೂ ಗಾಲಿಗೆ ಕಲ್ಲಿನಂತಾಗುವ ತನಕ ಗಾಳಿ ಹೊಡೆದ.

ಸೀಟಿ ಊದಿದರು. ಉಳಿದವರು ತುಸು ತುಸು ಮುಂದೆ ಹೋದರು. ಒಬ್ಬ ತೂಕ ತಪ್ಪಿ ಕಾಲೂರಿದ, ಇನ್ನೊಬ್ಬ ಪಕ್ಕದವನ ಮೇಲೆ ಬಿದ್ದ, ಮತ್ತೊಬ್ಬ ನಗು ತಡೆಯಲಾರದೆ ಜರ್ರನೆ ಗೆರೆ ದಾಟಿಬಿಟ್ಟ. ದ್ಯಾಮಣ್ಣ ಮಾತ್ರ ಹ್ಯಾಂಡಲ್ ಹಿಡಿದು, ಹಲ್ಲು ಕಚ್ಚಿ, ತೊಡೆ ಬಿಗಿದು ನಿಂತ. ಎಂಥಾ ನಿಧಾನ! ಜೇಡ ಒಂದು ಬಂದು ಅವನ ಗಾಲಿಯ ಕಡ್ಡಿಯಿಂದ ನೆಲಕ್ಕೆ ಬಲೆ ಕಟ್ಟಿ, ನೊಣ ಹಿಡಿದು, ತಿಂದು, ತೇಗಿತು. ಬಲೆ ಹರಿಯಲಿಲ್ಲ.

ಗೆದ್ದ. ಖಣ ಕೈಗೆ ಬಂತು. ಮಂದಿ ಕೇಕೆ ಹಾಕಿದರು.

ಕೆಳಗಿಳಿಯಲು ಕಾಲೆತ್ತಿದ. ಕಾಲು ಏಳಲಿಲ್ಲ. ಮೀನಖಂಡ ಮೊಣಕಾಲಿಗೇರಿ, ತೊಡೆಯಲ್ಲಿ ಹಗ್ಗ ಹೊಸೆದಂತೆ ನರ ಸೆಟೆದು, ದ್ಯಾಮಣ್ಣ ಬಾಯಿ ಬಾಯಿ ಬಡಿದುಕೊಂಡ.

ಅಷ್ಟರಲ್ಲಿ ಜೋಳ ಹುರಿಸಿಕೊಂಡು ಬಂದ ಕಲ್ಲವ್ವ ಅವನನ್ನು ಸೈಕಲ್ಲಿನ ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿ, ಅರಳಿನ ಬುಟ್ಟಿಯನ್ನು ಅವನ ತಲೆಗೆ ಹೊರಿಸಿ, ಆಶ್ರಮದ ತನಕ ನೂಕಿಕೊಂಡು ಬಂದಳು. ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ. ನೋವಿಗಿಂತ ಅದಕ್ಕೇ ಅವನು ಹೆಚ್ಚು ಹೆದರಿದ.

ಸಂಜೆಯ ಬಿಸಿಲು ಹೊಳೆಯ ಮೇಲಿತ್ತು. ಫಕೀರಜ್ಜ ಕಟ್ಟೆಯ ಮೇಲೆ ಕೂತಿದ್ದ. ಇಮಾಮಸಾಬ, ಬಸಲಿಂಗಪ್ಪ ಅಲ್ಲೇ ಇದ್ದರು.

“ಏನು ಮಾಡಿ ಬಂದಿ?”

“ಹಗೂರಕ ತುಳದು ಬಂದ್ನಿರಿ ಅಜ್ಜಾರ. ನನಗಿಂತ ಹಗೂರಕ ತುಳಿಯಾವ ಆ ಊರಾಗ ಯಾವನೂ ಇಲ್ಲ!”

ಅಜ್ಜ ಎದ್ದು ಬಂದು ಹೆಬ್ಬೆರಳಿನಿಂದ ಗಾಲಿ ಒತ್ತಿದ. ಕಲ್ಲು.

“ಸೋತವ್ರು ಏನು ಮಾಡಿದ್ರು?”

“ನಕ್ಕೋತ ಮನಿಗೆ ಹೋದ್ರು.”

“ಹೆಂಗ ಹೋದ್ರು?”

“ಹೆಂಗಂದ್ರ… ಸೈಕಲ್ ಹತ್ತಿ, ಮಾತಾಡ್ಕೋತ, ಹಗೂರಕ…”

ದ್ಯಾಮಣ್ಣ ಕೈಯಲ್ಲಿದ್ದ ಖಣವನ್ನು ನೋಡಿದ. ಅಂಥ ಚಂದದ ಖಣ ಈಗ ಅವನಿಗೆ ಹಗ್ಗದ ತುಂಡಿನ ಹಾಗೆ ಕಂಡಿತು.

“ನಾಳೆ ಅಕಿ ಬಾಗಿಲಾಗ ಇರ್ತಾಳ್ರಿ ಅಜ್ಜಾರ,” ಅಂದ. ಗಟ್ಟಿಮುಟ್ಟು ಆಳು, ಎಲ್ಲರ ಮುಂದೆ ಅತ್ತುಬಿಟ್ಟ. “ಮಲಗಿದ್ರೂ ಕೆಡತೈತಿ, ತುಳದ್ರೂ ಕೆಡತೈತಿ. ಜೋರಾಗಿ ಹೋದ್ರೂ ತಪ್ಪು, ಹಗೂರಕ ಹೋದ್ರೂ ತಪ್ಪು. ನನಗ ಒಂದೂ ತಿಳಿವಲ್ದು.”

“ಈಗ ಸ್ವಲ್ಪ ಸನೇಕ ಬಂದಿ,” ಅಂದ ಫಕೀರಜ್ಜ.

ವಾಲ್ ಸಡಿಲಿಸಿ ಎರಡೂ ಗಾಲಿಯ ಗಾಳಿಯನ್ನು ಅರ್ಧಕ್ಕೆ ಇಳಿಸಿದ. ಆಮೇಲೆ ಕಟ್ಟೆಯ ಕಡೆ ತಿರುಗಿದ.

“ಇಮಾಮಸಾಬ, ಬಸಲಿಂಗಪ್ಪ, ಮನಿಗೆ ನಡೀರಿ.”

“ಯಾಕ್ರಿ ಅಜ್ಜಾರ? ನೋಡತೀವಲ್ಲ.”

“ಅದಕ್ಕ ನಡೀರಿ ಅಂದೆ.”

ಅವರು ಹೋದರು. ಕಲ್ಲವ್ವನಿಗೆ ಒಲೆಯ ಕಡೆ ಮುಖ ಮಾಡಿ ಕೂರು ಅಂದ. ಆಕೆ ಕೂತಳು.

“ಹತ್ತು,” ಅಂದ ದ್ಯಾಮಣ್ಣನಿಗೆ.

“ಕಾಲು…”

“ಕಾಲಿಗೆ ಹೇಳಲಿಲ್ಲ, ನಿನಗ ಹೇಳಿದೆ.”

ಒಂದು ಕೈಯಲ್ಲಿ ಸೀಟು ಹಿಡಿದು, ಇನ್ನೊಂದು ಕೈಯಲ್ಲಿ ಅವನ ತೋಳು ಹಿಡಿದು, ಫಕೀರಜ್ಜ ಶಿಷ್ಯನನ್ನು ಸೈಕಲ್ ಹತ್ತಿಸಿದ. ಬೇವಿನ ಮರಕ್ಕೆ ಎಡಸುತ್ತು ಹಾಕಿಸತೊಡಗಿದ. ಅಜ್ಜ ನೂಕಿದಷ್ಟು ಸೈಕಲ್ ಹೋಯಿತು. ಪೆಡಲ್ ತಿರುಗಿದಷ್ಟು ಕಾಲು ತಿರುಗಿತು.

“ಎಡಕ್ಕ ಯಾಕ್ರಿ?”

“ಮೈದಾನದಾಗ ದಿನಗಟ್ಟಲೆ ಬಲಕ್ಕ ಸುತ್ತತಿದ್ದೆ. ಮುಗಿದ ದಿನ ಹಾರ ಹಾಕಿ, ಮಂದಿ ಹೆಗಲ ಮ್ಯಾಲ ಎತ್ತಿ ಇಳಿಸಾಕ ಬರೂರು. ನನಗ ಸೈಕಲ್ ಕಲಿಸಿದ ಉಸ್ತಾದರು ಬಿಡತಿರಲಿಲ್ಲ. ಮಂದೀನೆಲ್ಲಾ ಮನಿಗೆ ಕಳಿಸಿ, ಹಲಗಿ ಬಡಿಯೂದು ನಿಲ್ಲಿಸಿ, ಖಾಲಿ ಮೈದಾನದಾಗ ಎಡಕ್ಕ ಸುತ್ತಸೂರು. ಬಿಚ್ಚುಸುತ್ತು ಅಂತಿದ್ರು ಅದಕ್ಕ.”

“ಏನು ಬಿಚ್ಚತಿತ್ರಿ?”

“ನಿಮ್ಮ ನೀಲವ್ವ ಸಣ್ಣಾಕಿದ್ದಾಗ ಹಟಮಾರಿಯಿದ್ಲೇನು?”

ಕೇಳಿದ್ದೇನು, ಹೇಳಿದ್ದೇನು! ದ್ಯಾಮಣ್ಣ ಗಲಿಬಿಲಿಗೊಂಡ. ಆದರೂ ತಂಗಿಯ ಮಾತು ಬಂದರೆ ಸುಮ್ಮನಿರುವುದು ಅವನಿಂದಾಗದು.

“ಹಟ ಅಂದ್ರ ಏನು ಹೇಳ್ಲಿರಿ. ಒಮ್ಮೆ ಶೇಂಗಾ ಉಂಡಿ ಕೊಡಲಿಲ್ಲಂತ ಕಣಜದಾಗ ಇಳಿದು ಕುಂತಿದ್ಲು. ಇಡೀ ಊರು ಹುಡುಕಿತು. ನಾ ಮ್ಯಾಲ ನಿಂತು ಕರದ್ರ, ಒಳಗಿಂದ ‘ನಾ ಇಲ್ಲಿಲ್ಲ’ ಅಂದ್ಲು.”

ಅಜ್ಜ ನಕ್ಕ. ಸೈಕಲ್ ಸುತ್ತಿತು.

“ಆಮ್ಯಾಲ?”

“ಆಮ್ಯಾಲ ನಾನೂ ಇಳದೆ. ಇಬ್ರೂ ಉಂಡಿ ತಿಂದು ಅಲ್ಲೇ ನಿದ್ದಿ ಹೊಡದ್ವಿ.”

ನಡುವೆ ಒಮ್ಮೆ ದ್ಯಾಮಣ್ಣನಿಗೆ ಹುರುಪು ಬಂದು ಪೆಡಲ್ ಒತ್ತಿದ. ಏದುಸಿರು ಬಂದು ಮಾತು ತುಂಡಾಯಿತು.

“ಇಳಿ,” ಅಂದ ಅಜ್ಜ.

ಇಳಿದು ತುಸು ಕೂತ. ಉಸಿರು ಹದಕ್ಕೆ ಬಂದ ಮೇಲೆ ಅಜ್ಜ ಮತ್ತೆ ಹತ್ತಿಸಿದ. ಮತ್ತೆ ನೀಲವ್ವನ ಮಾತು ತೆಗೆಸಿದ. ಆಕೆಯ ಮದುವೆ, ಆಕೆ ತವರು ಬಿಟ್ಟು ಹೊರಟ ದಿನ ಚಕ್ಕಡಿಯ ಹಿಂದೆ ದ್ಯಾಮಣ್ಣ ಸೈಕಲ್ ತುಳಿದುಕೊಂಡು ಹೋದದ್ದು. ಅಜ್ಜನ ಕೈ ಸೀಟಿನ ಮೇಲಿಂದ ಯಾವಾಗ ಸರಿಯಿತೋ ಅವನು ನೋಡಲಿಲ್ಲ.

“ಎಷ್ಟು ಸುತ್ತು ಆದ್ವು ಅಜ್ಜಾರ?”

“ನೀ ಎಣಿಸಿದ್ರ ಒಂದೂ ಆಗಿಲ್ಲ.”

“ಎಣಿಸಿಲ್ರಿ.”

“ಹಂಗಾದ್ರ ಉಣ್ಣು ನಡಿ.”

ಕತ್ತಲಾಗುವ ಮೊದಲೇ ದ್ಯಾಮಣ್ಣ ಉಂಡು ಒರಗಿದ. ತಾನು ಈಗ ಮಾಡಿದ್ದು ಸವಾರಿಯೋ ವಿಶ್ರಾಂತಿಯೋ ಅಂತ ತಿಳಿದುಕೊಳ್ಳಬೇಕೆಂದು ಹೊರಟ. ಅರ್ಧ ದಾರಿಯಲ್ಲೇ ನಿದ್ದೆ ಹಿಡಿಯಿತು.

ನಸುಕಿನಲ್ಲಿ ಎದ್ದು ನೋಡಿದರೆ ಫಕೀರಜ್ಜ ತಾನೇ ಪಂಪು ಹಿಡಿದು ಗಾಲಿಗೆ ಪೂರ್ತಿ ಗಾಳಿ ತುಂಬುತ್ತಿದ್ದ.

“ನೋವು ಐತೇನು?”

“ಐತ್ರಿ.”

“ನಡಿ ಅಂದ್ರ ನಡಿತಾವೇನು?”

ದ್ಯಾಮಣ್ಣ ಕಾಲು ಎತ್ತಿ ಇಳಿಸಿ ನೋಡಿದ. “ನಡಿತಾವ್ರಿ.”

“ಮತ್ತ ನನ್ನ ಮಾರಿ ಏನು ನೋಡ್ತಿ?”

ಹೊಳೆದಂಡೆಯ ಕಾಲುದಾರಿಯಲ್ಲಿ ದ್ಯಾಮಣ್ಣ ಹೊರಟ. ಆವತ್ತು ಅವನ ನೆರಳು ಹಿಂದೆ ಬೀಳಲಿಲ್ಲ, ಮುಂದೂ ಹೋಗಲಿಲ್ಲ. ಜೊತೆಯಲ್ಲೇ ಬಂತು.

ಬಿಸಿಲೇರುವ ಹೊತ್ತಿಗೆ ತಂಗಿಯ ಓಣಿ ಹೊಕ್ಕ. ನೀಲವ್ವ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಗಂಟು ಇರಲಿಲ್ಲ. ಅಣ್ಣನನ್ನು ನೋಡಿದಳು. ತಟ್ಟನೆ ಹೊರಳಿ ಒಳಗೆ ಹೋದಳು.

ದ್ಯಾಮಣ್ಣ ಹ್ಯಾಂಡಲ್ ಹಿಡಿದು ಹೊರಗೇ ನಿಂತ.

ರೆಪ್ಪೆ ಬಡಿಯುವಷ್ಟರಲ್ಲಿ ನೀಲವ್ವ ಹೊರಗೆ ಬಂದಳು. ಕಂಕುಳಲ್ಲಿ ಬಿಗಿಯಾಗಿ ಕಟ್ಟಿದ ಗಂಟು.

“ಅತ್ತೀ, ನಾ ಬರ್ತೀನ್ರಿ,” ಅಂತ ಓಣಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿ, ಕ್ಯಾರಿಯರ್ ಮೇಲೆ ಹತ್ತಿ ಕೂತಳು.

ಓಣಿ ದಾಟಿದ ಮೇಲೆ ದ್ಯಾಮಣ್ಣ ಕೇಳಿದ. “ಗಂಟು ಕಟ್ಟಂಗಿಲ್ಲ ಅಂದಿದ್ದಿ?”

“ಮೊನ್ನೇನ ಕಟ್ಟಿಟ್ಟಿದ್ದೆ. ನಿನಗ್ಯಾಕ ಹೇಳಲಿ?”

ಅವನು ಖಣ ತೆಗೆದು ಹಿಂದಕ್ಕೆ ಚಾಚಿದ. ಆಕೆ ಬಿಚ್ಚಿ ನೋಡಿದಳು.

“ಅಯ್ಯ ನಮ್ಮಣ್ಣ! ಇದೇನು ಬಣ್ಣಾನೋ? ಮುದುಕ್ಯಾರು ತೊಡೂದು! ಯಾರು ಆರಿಸಿದ್ರು ನಿನಗ?”

“ಆರಿಸಿಲ್ಲವಾ. ಗೆದ್ದೀನಿ.”

“ಹಂಗಂತ ಹೇಳು ಮತ್ತ. ಗೆದ್ದದ್ದು ಯಾವಾಗರೆ ಚಂದ ಇರ್ತದೇನು?” ಅಂದು, ಖಣವನ್ನು ಮಡಿಚಿ ಎದೆಗೆ ಒತ್ತಿಕೊಂಡಳು.

ವರ್ಷದ ಮಾತೆಲ್ಲ ಆಕೆಯ ಬಾಯಲ್ಲಿ ತುಂಬಿತ್ತು. ಅತ್ತೆಯ ಮಾತು, ನಾದಿನಿಯ ಮಾತು, ಈ ವರ್ಷ ಹೊಸದಾಗಿ ತಂದ ಆಕಳಿನ ಮಾತು. ಹೋದ ಪಂಚಮಿಯ ಮಾತು ಮಾತ್ರ ತೆಗೆಯಲಿಲ್ಲ. ದ್ಯಾಮಣ್ಣ ಹೂಂಗುಟ್ಟುತ್ತ ತುಳಿದ. ಕೆಸರು ಬಂದಲ್ಲಿ ಇಳಿದು ನೂಕಿದ, ಗಟ್ಟಿ ನೆಲ ಬಂದಲ್ಲಿ ಹತ್ತಿದ. ಹೊಳೆ ಪಕ್ಕದಲ್ಲಿ ಹರಿಯುತ್ತಿತ್ತು. ಅದರ ಕೂಡ ಪಣ ಕಟ್ಟಬೇಕೆಂದು ಅವನಿಗೆ ನೆನಪಾಗಲಿಲ್ಲ.

ಇಳಿಹೊತ್ತಿಗೆ ಆಶ್ರಮ ಬಂತು. ಇಬ್ಬರೂ ಇಳಿದು ಅಜ್ಜನ ಕಾಲಿಗೆರಗಿದರು. ಕಲ್ಲವ್ವ ಓಡಿ ಬಂದು ನೀಲವ್ವನ ಗಲ್ಲ ಸವರಿ ನೆಟಿಕೆ ಮುರಿದಳು.

“ಕಾಲು ಹೆಂಗದಾವ?” ಅಂತ ಕೇಳಿದ ಫಕೀರಜ್ಜ.

ದ್ಯಾಮಣ್ಣ ಬಗ್ಗಿ ನೋಡಿಕೊಂಡ. “ಅದಾವ್ರಿ… ಇರಬೇಕು.”

ಕಲ್ಲವ್ವ ಸೆರಗು ಬಾಯಿಗಿಟ್ಟು ನಕ್ಕಳು. ದ್ಯಾಮಣ್ಣನಿಗೆ ನಗು ಬರಲಿಲ್ಲ. ಹುಬ್ಬು ಗಂಟಿಕ್ಕಿತು. ಇವತ್ತೂ ದೂರದ ಸವಾರಿಯೇ ಆಯಿತಲ್ಲ ಅಂತ ಅವನಿಗೆ ಈಗ ಹೊಳೆದಿತ್ತು.

“ಅಜ್ಜಾರ, ಸಿಟ್ಟಾಗಬ್ಯಾಡ್ರಿ. ಮೊನ್ನೆ ಕೇಳಿದ್ದು ಇನ್ನೂ ತಿಳಿದಿಲ್ಲ. ಇವತ್ತು ಮತ್ತ ದೂರ ತುಳದೀನಿ. ನಾಳೆ ಮಲಗಲೋ, ಹಗೂರಕ ತುಳೀಲೋ? ಒಂದು ಮಾತು ಬಿಡಿಸಿ ಹೇಳ್ರಿ.”

ಫಕೀರಜ್ಜ ಅವನ ಕಡೆ ನೋಡಲೇ ಇಲ್ಲ. ನೀಲವ್ವನ ಕಡೆ ತಿರುಗಿದ.

“ಯವ್ವಾ, ನಾಳೆ ಪಂಚಮಿ ಜೋಕಾಲಿ ಹತ್ತತೀಯಲ್ಲ. ಮುಗಿಲು ಮುಟ್ಟೂವಂಗ ಜೀಕಿ, ಸಾಕಾಗಿ, ಸುಮ್ಮನ ಕುಂತ ಮ್ಯಾಲೂ ಅದು ತೂಗತಿರ್ತದಲ್ಲ, ಅವಾಗ ಜೀಕಾವ್ರು ಯಾರು?”